ಹಾಸಿಗೆ ಹಿಡಿದವರನ್ನು ನೋಡಲು ಹೋದ ದಿನ

ಆ ವರ್ಷ ನಾನು ಯಾವ ಊರಿನಲ್ಲೂ ಸರಿಯಾಗಿ ಕಾಲೂರಿ ನಿಂತವಳಲ್ಲ. ಮನೆ ಇದ್ದದ್ದು ಸವಣೂರಿನಲ್ಲಿ. ವಾರದ ಮೊದಲೆರಡು ದಿನ ಶಿಗ್ಗಾಂವದ ಕಾಲೇಜು, ಆಮೇಲೆರಡು ದಿನ ಹಾನಗಲ್ಲು, ಶುಕ್ರವಾರ ಹಿರೇಕೆರೂರು. ಮೂರೂ ಕಡೆ ನಾನು ಅತಿಥಿ ಉಪನ್ಯಾಸಕಿ. ಯಾರಾದರೂ ರಜೆ ಹಾಕಿದ್ದರೆ ಅವರ ಕುರ್ಚಿ ನನಗೆ, ಎಲ್ಲರೂ ಬಂದಿದ್ದರೆ ಕಿಟಕಿಯ ಕಟ್ಟೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಯಾರೂ ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ನನಗೆ ಹಾಯಾಗಿ ಕೂರಲು ಬರುತ್ತಿರಲಿಲ್ಲ. ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು, ಇಳಿಯುವ ಊರು ಇನ್ನೂ ದೂರವಿರುವಾಗಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುವ ಚಟ ಹತ್ತಿತ್ತು.

ಪಾಠ ಮಾಡುತ್ತಿದ್ದದ್ದು ಮಧ್ಯಯುಗದ ಇಂಗ್ಲೆಂಡಿನ ಇತಿಹಾಸ. ಯುದ್ಧ, ಪಟ್ಟಾಭಿಷೇಕಗಳನ್ನು ಹುಡುಗರು ಹೇಗೋ ಕೇಳುತ್ತಿದ್ದರು. ಆಡಳಿತದ ಅಧ್ಯಾಯ ಬಂದ ಕೂಡಲೇ ಆಕಳಿಕೆ ಶುರು. ರಾಜನ ಪರವಾಗಿ ಜಿಲ್ಲೆಗೊಬ್ಬ ಷರೀಫ, ಅವನು ಲೆಕ್ಕ ಒಪ್ಪಿಸಲು ಬಂದಾಗ ರಾಜನ ಖಜಾನೆಯ ಚೌಕುಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಬೆವರುವುದು, ಸಾಲಗಾರನ ದನ ಹೊಡೆದುಕೊಂಡು ಹೋಗುವುದು, ಗಂಡ ಸತ್ತವಳು ತನ್ನ ಪಾಲಿನ ಭೂಮಿಗಾಗಿ ರಾಜನ ಕೋರ್ಟಿಗೆ ಅಲೆಯುವುದು. ಹಾನಗಲ್ಲಿನ ಒಬ್ಬ ಹುಡುಗಿ ಕೈಯೆತ್ತಿ, "ಮೇಡಂ, ಇದು ಪರೀಕ್ಷಾಕ ಬರ್ತದೇನ್ರಿ?" ಅಂದಳು. "ಬರಬಹುದು" ಅಂದೆ. ಅವಳು ಪೆನ್ನು ಕೆಳಗಿಟ್ಟಳು.

ನನಗೆ ಮಾತ್ರ ಆ ಅಧ್ಯಾಯ ಬಿಡಲಾಗುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಅಕ್ಕ.

ಅಕ್ಕನನ್ನು ಬಂಕಾಪುರದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ಅಣ್ಣ ತಮ್ಮ ಇಬ್ಬರೇ ಇದ್ದ ಒಕ್ಕಲುತನದ ಮನೆ. ಅಕ್ಕನ ಗಂಡ ಕಿರಿಯವರು. ಒಂದು ದಿನ ಹೊಲದಲ್ಲಿ ಎದೆ ಹಿಡಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಮಕ್ಕಳಾಗಿರಲಿಲ್ಲ. ಕೆಲವು ತಿಂಗಳು ಅಲ್ಲೇ ಇದ್ದು, ಆಮೇಲೆ ಅಕ್ಕ ನನ್ನ ಹತ್ತಿರ ಸವಣೂರಿಗೆ ಬಂದಳು. ಸುಮ್ಮನೆ ಕೂರುವ ಜೀವವಲ್ಲ ಅದು. ಹಿತ್ತಲಿಗೆ ತಗಡು ಹೊದಿಸಿ, ಒಲೆ ಹಾಕಿಸಿ, ಜೋಳದ ರೊಟ್ಟಿ ಬಡಿಯಲು ನಿಂತಳು. ಹೆದ್ದಾರಿಯ ಊಟದ ಹೋಟೆಲುಗಳಿಗೆ ದಿನಾ ರೊಟ್ಟಿ ಹೋಗತೊಡಗಿತು. ಕೆಲಸಕ್ಕೆ ಇಬ್ಬರು ಹೆಂಗಸರೂ ಬಂದರು. ಒಬ್ಬಾಕೆ ವಯಸ್ಸಾದವರು, ಮಾತು ಕಮ್ಮಿ; ಇನ್ನೊಬ್ಬಳು ಮದುವೆಯಾಗಿ ಹೊಸದಾಗಿ ಓಣಿಗೆ ಬಂದವಳು, ಬಾಯಿಗೆ ಬಿಡುವಿಲ್ಲ.

ರೊಟ್ಟಿ ಅಕ್ಕನ ಹೊಟ್ಟೆ ತುಂಬಿಸುತ್ತಿತ್ತು. ಆದರೆ ಅವಳಿಗೆ ಗಂಡನ ಪಾಲಿನ ಹೊಲ ಬೇಕಾಗಿತ್ತು. ಹೊಲವನ್ನೆಲ್ಲ ಭಾವನೇ, ಅಂದರೆ ಗಂಡನ ಅಣ್ಣನೇ, ಮಾಡುತ್ತಿದ್ದರು. ಹಿರಿಯರನ್ನು ಕಳಿಸಿ ಕೇಳಿಸಿದಾಗ "ನೋಡೂಣು" ಅಂದರು. ನೋಡಲಿಲ್ಲ. ಕೊನೆಗೆ ಅಕ್ಕ ಪಾಲಿಗಾಗಿ ದಾವೆ ಹಾಕಿದಳು. ಅವಳ ಸಾಕ್ಷಿ ಬೇಗ ಮುಗಿಯಿತು. ಇನ್ನು ಭಾವ ಕಟಕಟೆ ಹತ್ತಿ ನಮ್ಮ ವಕೀಲರ ಪಾಟೀಸವಾಲಿಗೆ ಉತ್ತರ ಕೊಡಬೇಕು. ಅಲ್ಲಿಗೆ ಗಾಡಿ ನಿಂತಿತು. ಮೊದಲ ಸಲ ಅವರಿಗೆ ಕಾಮಾಲೆ. ಮುಂದಿನ ಸಲ ಕಾಲು ಉಳುಕು. ಆಮೇಲೆ ಬೆನ್ನುನೋವು, ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದಾರೆ. ಅವರ ವಕೀಲರು ಪ್ರತಿ ಸಲವೂ ಒಂದು ಸರ್ಟಿಫಿಕೇಟು ಎತ್ತಿ ಹಿಡಿಯುತ್ತಿದ್ದರು. ಹಾಳೆ ಮೇಲೆ ಸಹಿ, ಸಿಕ್ಕೆ ಇರುವಾಗ ನ್ಯಾಯಾಧೀಶರಾದರೂ ಏನು ಮಾಡಿಯಾರು? ಮುಂದಿನ ತಾರೀಖು ಕೊಡುತ್ತಿದ್ದರು.

ಆ ತಾರೀಖುಗಳು ನನ್ನ ವಾರವನ್ನು ಇನ್ನಷ್ಟು ಕಲಕುತ್ತಿದ್ದವು. ಪಾಠ ಬಿಟ್ಟು ಅಕ್ಕನ ಜೊತೆ ಹೋಗುವುದು, ಕಾರಿಡಾರಿನಲ್ಲಿ ಕಂಬಕ್ಕೆ ಒರಗಿ ನಿಲ್ಲುವುದು, ಹೆಸರು ಕೂಗಿದಾಗ ಒಳಗೆ ಓಡುವುದು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೊರಗೆ ಬರುವುದು. ಬರುವ ದಾರಿಯಲ್ಲಿ ಅಕ್ಕ ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಮನೆಗೆ ಬಂದು ಹಿಟ್ಟು ನಾದುತ್ತಿದ್ದಳು, ಏನೋ ತಪ್ಪು ಮಾಡಿದ್ದಕ್ಕೆ ಹಿಟ್ಟಿಗೆ ಶಿಕ್ಷೆ ಕೊಡುವವರ ಹಾಗೆ.

ಒಂದು ಮುಂಜಾನೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಸೋಮವಾರದ ಪಾಠವನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳಿಕೊಂಡರೆ ಮಾತ್ರ ನನಗೆ ತರಗತಿಯಲ್ಲಿ ಮಾತು ತಡೆಯುವುದಿಲ್ಲ. ಆ ಕಾಲದಲ್ಲಿ ದಾವೆ ಬಿದ್ದವನು ಹೇಗೆಲ್ಲ ತಪ್ಪಿಸಿಕೊಳ್ಳುತ್ತಿದ್ದ ಅನ್ನುವ ಭಾಗ ಅದು. ದಾರಿಯಲ್ಲಿ ಹೊಳೆ ಬಂತು, ಕುದುರೆ ಕುಂಟಿತು ಎಂದು ಹೇಳಿಕಳಿಸಬಹುದಿತ್ತು. ಭೂಮಿಯ ವ್ಯಾಜ್ಯವಾದರೆ ಇನ್ನೂ ದೊಡ್ಡ ನೆಪವಿತ್ತು: ಹಾಸಿಗೆ ಹಿಡಿದಿದ್ದೇನೆ, ಏಳಲಾರೆ.

ಅಕ್ಕನ ಕೈ ನಿಂತಿತು. "ಆವಾಗ ಏನ್ ಮಾಡ್ತಿದ್ರು?"

"ನಾಕು ಮಂದಿ ಸರದಾರರನ್ನ ಅವನ ಮನಿಗೆ ಕಳಸ್ತಿದ್ರು. ಖರೇನ ಮಲಗ್ಯಾನೋ ಇಲ್ಲೋ ನೋಡ್ಕೊಂಡ ಬರಾಕ. ಮೈಮ್ಯಾಲಿನ ಅರಿವಿ, ಕಾಲಾಗಿನ ಜೋಡು ಸೈತ ನೋಡ್ತಿದ್ರಂತ."

"ಖರೇನ ಮಲಗಿದ್ರ?"

"ಒಂದ್ ವರ್ಷ, ಅದರ ಮ್ಯಾಲೊಂದು ದಿನ ವಾಯಿದೆ. ಆದ್ರ ಅಪ್ಪಣಿ ಇಲ್ದ ಏಳಂಗಿಲ್ಲ. ಎದ್ದು ತಿರಗ್ಯಾಡೂದು ಕಂಡ್ರ ಹಿಡಕೊಂಡ ಹೋಗ್ತಿದ್ರು."

ಓಣಿಯ ಹೊಸ ಮದುಮಗಳು ತಟ್ಟುತ್ತಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನಕ್ಕಳು. "ಹಂಗಾರ ಅಕ್ಕಾರ, ನಾವೂ ನಾಕು ಮಂದಿ ಅದೇವಲ್ರೀ."

ಅವಳದು ತಮಾಷೆ. ಅಕ್ಕ ನಗಲಿಲ್ಲ. ರೊಟ್ಟಿ ಎಣ್ಣೆಕಾಗದದಲ್ಲಿ ಸುತ್ತಿ ಕಳಿಸಿದ ಮೇಲೆ ಕೈತೊಳೆದುಕೊಂಡು ಬಂದು, "ನಾಳೆ ರವಿವಾರ. ಹೋಗಿ ನೋಡ್ಕೊಂಡ ಬರೂಣು ನಡ್ರಿ" ಅಂದಳು.

ನಾನು ಕೂಡಲೇ ನಮ್ಮ ವಕೀಲರಿಗೆ ಫೋನು ಮಾಡಿದೆ. ಅವರು ಗಾಬರಿಬಿದ್ದರು. "ಹಂಗ್ ಮಾಡಬ್ಯಾಡ್ರಿ. ಮನಿ ಹೊಕ್ಕು ಜಗಳಾ ತಗದ್ರು ಅಂತ ಅವರ ಉಲ್ಟಾ ಕೇಸ್ ಹಾಕ್ತಾರ." ಅದನ್ನೇ ಅಕ್ಕನಿಗೆ ಹೇಳಿದೆ. "ಅದು ನಾ ಸೊಸಿಯಾಗಿ ನಡೆಯಾಕ ಬಂದ ಮನಿ. ಜಡ್ಡಾದವರನ್ನ ಮಾತಾಡ್ಸಾಕ ಹೋಗಾಕ ಯಾರ ಅಪ್ಪಣಿ ಬೇಕು?" ಅಂದಳು. ಬುಟ್ಟಿಯಲ್ಲಿ ಹಣ್ಣು, ಒಂದು ಸೀಸೆ ನೋವಿನ ಎಣ್ಣೆ, ಒಂದಿಷ್ಟು ಅಕ್ಕಿನುಚ್ಚು ಹಾಕಿಕೊಂಡಳು.

ಮರುದಿನ ಟಂಟಂ ಗಾಡಿಯಲ್ಲಿ ನಾವು ನಾಲ್ಕೂ ಮಂದಿ ಹೊರಟೆವು. ದಾರಿಯುದ್ದಕ್ಕೂ ಗೋವಿನಜೋಳದ ಸುಗ್ಗಿ. ರಸ್ತೆಯ ಅರ್ಧ ಭಾಗದಲ್ಲಿ ಕಾಳು ಹರವಿದ್ದರು. ಗಾಡಿ ಇನ್ನರ್ಧದಲ್ಲಿ ತೆವಳಬೇಕಾಗಿತ್ತು. ಮೇಲೆ ಮೋಡ ಕೂಡಿಕೊಳ್ಳುತ್ತಿತ್ತು. ಜನ ಮುಗಿಲು ನೋಡುತ್ತ, ತಾಡಪತ್ರಿ ಎಳೆದಾಡುತ್ತ ಓಡಾಡುತ್ತಿದ್ದರು. ನನ್ನ ಮನಸ್ಸಿನಲ್ಲೂ ಅದೇ ಗಡಿಬಿಡಿ. ಅಕ್ಕ ಅಲ್ಲಿ ಕೂಗಾಡಿದರೆ ಏನು ಮಾಡುವುದು, ಭಾವ ಕೈ ಮಾಡಿದರೆ ಏನು, ಮತ್ತೆ ಅವರಿಗೆ ನಿಜವಾಗಿಯೂ ಬೆನ್ನು ಮುರಿದಿದ್ದರೆ?

ಮನೆ ಊರ ಅಂಚಿನಲ್ಲಿ, ಎದುರಿಗೇ ಕಣ. ಕಣದಲ್ಲಿ ತೆನೆಯ ಒಟ್ಟಿಲು ಆಳೆತ್ತರ. ಗಾಡಿ ತಿರುವಿನಲ್ಲಿ ಬರುವಾಗ ಒಟ್ಟಿಲ ಹತ್ತಿರ ಯಾರೋ ನಿಂತಿದ್ದಂತೆ ಕಂಡಿತು. ನಾವು ಇಳಿಯುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಬಂದದ್ದು ಅಕ್ಕನ ನೆಗೆಣ್ಣಿ, ಭಾವನ ಹೆಂಡತಿ. ಸೆರಗಿನ ತುದಿಯನ್ನು ಕೈಯಲ್ಲಿ ತಿರುವುತ್ತಿದ್ದರು.

"ಬರ್ರಿ" ಅಂದರು. ಧ್ವನಿ ಒಣಗಿತ್ತು. "ಅವರಿಗೆ ಏಳಾಕ ಆಗವಲ್ದು. ಮಲಗ್ಯಾರ."

"ಗೊತ್ತೈತಿ ಅಕ್ಕಾ. ಅದಕ್ಕ ಬಂದೇವಿ" ಅಂದಳು ಅಕ್ಕ.

ನಡುಮನೆಯಲ್ಲಿ ಹೊರಸಿನ ಮೇಲೆ ಭಾವ ಗದ್ದದವರೆಗೂ ಕೌದಿ ಹೊದ್ದು ಮಲಗಿದ್ದರು. ಸೆಕೆಗೆ ಹಣೆಯ ಮೇಲೆ ಬೆವರು. ಏದುಸಿರು. ಮೀಸೆಗೆ ಗೋವಿನಜೋಳದ ರವದಿಯ, ತೆನೆಯ ಒಣಸಿಪ್ಪೆಯ, ಚೂರೊಂದು ಅಂಟಿತ್ತು. ಓಣಿಯ ಮದುಮಗಳು ನನ್ನ ಮೊಣಕೈ ಚಿವುಟಿದಳು.

ಅಕ್ಕ ಸೆರಗು ತಲೆತುಂಬ ಹೊದ್ದು, ಹೊರಸಿಗೆ ದೂರವಾಗಿ, ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತಳು. ಅವರ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಮುಂದೆ ನಿಲ್ಲುವ, ನೇರ ಮಾತಾಡುವ ರೂಢಿ ಇರಲಿಲ್ಲ. ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಏನು ಬೇಕಿದ್ದರೂ ಗಂಡನ ಮೂಲಕವೋ ನೆಗೆಣ್ಣಿಯ ಮೂಲಕವೋ ಹೇಳಿಸಿದವಳು. ಕೋರ್ಟಿನಲ್ಲೂ ಅಷ್ಟೇ. ಅವಳ ಮಾತನ್ನು ನಮ್ಮ ವಕೀಲರು, ಅವರ ಮಾತನ್ನು ಅವರ ವಕೀಲರು ಆಡುತ್ತಿದ್ದರು.

"ಅಕ್ಕಾ, ಈ ಎಣ್ಣಿ ಬಿಸಿ ಮಾಡಿ ತಿಕ್ರಿ. ನಾ ಗಂಜಿ ಕಾಸ್ತೇನಿ" ಎಂದು ನೆಗೆಣ್ಣಿಗೆ ಹೇಳಿ ಎದ್ದಳು.

ಒಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿತ್ತು. ಅದನ್ನು ಇಳಿಸಿ ಪಕ್ಕಕ್ಕಿಟ್ಟು, ಉಪ್ಪಿಲ್ಲ ಖಾರವಿಲ್ಲದ ನುಚ್ಚಿನ ಗಂಜಿ ಮಾಡಿದಳು. ನೆಗೆಣ್ಣಿ ಬೇರೆ ದಾರಿ ಕಾಣದೆ ಗಂಡನನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕತೊಡಗಿದರು. "ಮೆಲ್ಲಕ" ಎಂದು ಭಾವ ಗದರಿದ್ದು ಕೇಳಿಸಿತು. ಗಂಜಿ ಹೋಯಿತು. ಅವರು ಕುಡಿಯುವಾಗ ಕಣ್ಣು ಎಣ್ಣೆಗಾಯಿಯ ಪಾತ್ರೆಯ ಮೇಲೇ ಇತ್ತು. ನನಗೆ ನಗು, ಭಯ ಎರಡೂ ಒಟ್ಟಿಗೇ ಬಂದವು. "ಇನ್ನ ಹೋಗೂಣ್ ನಡಿ" ಎಂದು ಅಕ್ಕನ ಕಿವಿಯಲ್ಲಿ ಎರಡು ಮೂರು ಸಲ ಹೇಳಿದೆ. ಅವಳು ಅಲ್ಲಾಡಲಿಲ್ಲ. ವಯಸ್ಸಾದಾಕೆ ಗೋಡೆಗೆ ಒರಗಿ ಹತ್ತಿಬತ್ತಿ ಹೊಸೆಯತೊಡಗಿದರು. ಇಡೀ ದಿನ ಇರಲು ಬಂದವರ ಹಾಗೆ.

ಆಗ ಹೊರಗೆ ಟ್ರ್ಯಾಕ್ಟರಿನ ಸದ್ದು. ರಾಶಿ ಮಾಡುವ ಮಷಿನ್ನು ಬಂದಿತ್ತು. ಸುಗ್ಗಿಯಲ್ಲಿ ಅದು ಪಾಳಿಯ ಮೇಲೆ ಹೊಲದಿಂದ ಹೊಲಕ್ಕೆ ಹೋಗುತ್ತದೆ. ತಪ್ಪಿದರೆ ಮತ್ತೆ ಯಾವಾಗಲೋ. ಮಷಿನ್ನಿನ ಮಾಲೀಕ ಕಣದಿಂದಲೇ ಕೂಗಿದ. "ಗೌಡ್ರ, ಬರ್ರಿ ಲಗೂನ! ಮಳಿ ಬರಾಕತ್ತೈತಿ. ನಿಮ್ಮ ಪಾಳಿ ಬಿಟ್ರ ನಾ ಮುಂದಿನ ಊರಿಗೆ ಹೊಂಟೇನಿ!"

ಕೌದಿಯ ಒಳಗೆ ಕಾಲು ಅಲುಗಿತು. ಭಾವ ಹೆಂಡತಿಯ ಮುಖ ನೋಡಿದರು. ಹೆಂಡತಿ ಅಕ್ಕನ ಮುಖ ನೋಡಿದರು.

"ಏಳಬ್ಯಾಡ್ರಿ" ಅಂದಳು ಅಕ್ಕ.

ಅದು ಅವಳು ಭಾವನಿಗೆ ನೇರವಾಗಿ ಆಡಿದ ಮೊದಲ ಮಾತು. ಯಾರ ಕಡೆಗೂ ತಿರುಗದೆ, ನೆಲ ನೋಡುತ್ತ ಆಡಿದಳು. "ಡಾಕ್ಟರು ಏಳಬ್ಯಾಡ ಅಂದಾರಂತಲ್ಲ. ರಾಶಿ ನಾವು ಮಾಡಸ್ತೇವಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ನಡೆದಳು. ಉಳಿದ ಇಬ್ಬರೂ ಹಿಂದೆ ಹೋದರು. ನಾನೂ ಹೋದೆ. ನನಗೆ ಆ ಕೆಲಸದ ಗಂಧವೂ ಗೊತ್ತಿರಲಿಲ್ಲ. ಅಕ್ಕ ಬುಟ್ಟಿಗೆ ತೆನೆ ತುಂಬುವುದು, ನಾನು ಹೊತ್ತು ಒಯ್ಯುವುದು, ಮದುಮಗಳು ಮಷಿನ್ನಿನ ಬಾಯಿಗೆ ಸುರಿಯುವುದು. ಒಂದು ಕಡೆ ಕಾಳು ಧೋ ಎಂದು ಬೀಳುತ್ತಿತ್ತು, ಇನ್ನೊಂದು ಕಡೆ ದೂಳು, ರವದಿ, ಕಾಳು ಉದುರಿದ ಬೆಂಡು. ಕಣ್ಣು ಬಿಡಲು ಆಗುತ್ತಿರಲಿಲ್ಲ. ಮೋಡ ಹಾನಗಲ್ಲಿನ ಕಡೆಯಿಂದ ಕಪ್ಪಾಗಿ ಏರಿ ಬರುತ್ತಿತ್ತು. ಬೇಲಿಯ ಆಚೆ ನವಿಲುಗಳು ಒಂದೇ ಸಮನೆ ಕೂಗತೊಡಗಿದವು. ಚೀಲ ತುಂಬಿದವು, ಆದರೆ ಅವನ್ನು ಎತ್ತಿ ಪಡಸಾಲೆಗೆ ಸಾಗಿಸಲು ನಮ್ಮಲ್ಲಿ ಯಾರಿಗೂ ಬಲ ಸಾಲದು. ಇಬ್ಬರು ಹಿಡಿದು ಎಳೆದರೆ ಚೀಲ ಹರಿಯುತ್ತಿತ್ತು. ಮೊದಲ ಹನಿ ನನ್ನ ಕೈಮೇಲೆ ಬಿತ್ತು.

ಹಿಂದಿನಿಂದ ಯಾರೋ ಬಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ತಲೆಗೆ ವಸ್ತ್ರ ಸುತ್ತಿದ ಭಾವ. ಬಗ್ಗಿ, ಚೀಲದ ಎರಡು ಕಿವಿ ಹಿಡಿದು, ಒಂದೇ ಝಟಕೆಗೆ ಬೆನ್ನಿಗೆ ಏರಿಸಿಕೊಂಡು ಪಡಸಾಲೆಗೆ ನಡೆದರು. ಇಳಿಸಿ ಮತ್ತೆ ಬಂದರು. ಮತ್ತೆ ಒಂದು. ನೆಗೆಣ್ಣಿ ತಾಡಪತ್ರಿಯ ಒಂದು ತುದಿ ಹಿಡಿದರೆ ಅಕ್ಕ ಇನ್ನೊಂದು ತುದಿ ಹಿಡಿದಳು. ಉಳಿದ ಕಾಳಿನ ರಾಶಿಯನ್ನು ಮುಚ್ಚಿ ಅಂಚಿಗೆ ಕಲ್ಲು ಹೇರುವಷ್ಟರಲ್ಲಿ ಮಳೆ ಸುರಿಯತೊಡಗಿತು.

ಎಲ್ಲರೂ ಪಡಸಾಲೆಯಲ್ಲಿ ಚೀಲಗಳ ನಡುವೆ ನಿಂತೆವು. ಭಾವನ ಬೆನ್ನಿನ ಮೇಲೆ ಎಣ್ಣೆ, ದೂಳು, ಮಳೆನೀರು ಸೇರಿ ಇಳಿಯುತ್ತಿತ್ತು. ಅಕ್ಕ ಈಗ ಏನಾದರೂ ಚುಚ್ಚಿ ಆಡುತ್ತಾಳೆಂದು ನಾನು ಹೆದರಿ ನಿಂತಿದ್ದೆ. ಅಷ್ಟರಲ್ಲಿ ಭಾವನೇ ಮಾತು ತೆಗೆದರು. ಅವರೂ ನೆಲ ನೋಡುತ್ತಲೇ ಮಾತಾಡಿದರು.

"ನೀ ಅದನ್ನ ಮಾರಾಕ ನಿಂತೀಯಂತಲ್ಲವಾ."

"ಏನನ್ನ?"

"ಹೊಲಾನ. ಹೆದ್ದಾರಿ ಸನೇಕ ಐತಿ, ಪ್ಲಾಟ್ ಮಾಡವ್ರಿಗೆ ಕೊಡ್ತಾಳ ಅಂತಾರ ಮಂದಿ. ಮಕ್ಕಳಿಲ್ಲ ಮರಿಯಿಲ್ಲ, ಇಟಗೊಂಡ ಏನ್ ಮಾಡ್ತಾಳ ಅಂತಾರ." ಅವರು ವಸ್ತ್ರದಿಂದ ಮುಖ ಒರೆಸಿಕೊಂಡರು. ಒರೆಸಿದ ಮೇಲೂ ವಸ್ತ್ರ ಮುಖದ ಮೇಲೇ ಇತ್ತು. "ಅಲ್ಲೆ ತಮ್ಮನ್ನ ಮಣ್ಣ ಮಾಡೇವಿ. ಅಪ್ಪ ಅವ್ವನ್ನೂ ಅಲ್ಲೆ ಇಟ್ಟೇವಿ. ಅದರ ಮ್ಯಾಲೆ ಯಾರರೆ ಮನಿ ಕಟ್ಟಿದ್ರ ನಾ ದಿನಾ ನೋಡಬೇಕಲ್ಲ. ಅದಕ್ಕ ತಾರೀಖು ಮುಂದ ಹಾಕಿಸಿದೆ."

ಅಕ್ಕ ತಲೆ ಎತ್ತಿದಳು. "ಎಷ್ಟು ಮಂದಿ ಅಂದ್ರು?"

"ಎಲ್ಲಾರೂ."

"ನನ್ನ ಒಮ್ಮೆರೆ ಕೇಳಿದ್ರೇನ್ರಿ?"

ಅಕ್ಕನ ಧ್ವನಿ ಏರಿತು. ಆ ಮನೆಯ ಗೋಡೆಗಳು ಅವಳ ಅಷ್ಟು ದೊಡ್ಡ ಧ್ವನಿಯನ್ನು ಎಂದೂ ಕೇಳಿರಲಿಕ್ಕಿಲ್ಲ. "ಅವರನ್ನ ಇಟ್ಟ ಜಾಗಾ ನಾ ಮಾರ್ತೇನಿ ಅಂತ ನೀವು ನಂಬಿದ್ರಿ? ನಾ ಆ ಬದುವಿನ ಮ್ಯಾಲೆ ಕುಂತು ಅವರಿಗೆ ಬುತ್ತಿ ಕೊಟ್ಟಾಕಿ. ನನ್ನ ಹೆಸರಿಲೆ ಆ ಮಣ್ಣು ಇರಬೇಕಂತ ಕೋರ್ಟಿಗೆ ಬಂದೆ. ನನಗ ರೊಟ್ಟಿ ಅದಾವು, ಹೊಟ್ಟಿಗೆ ಕಮ್ಮಿ ಇಲ್ಲ. ನಾ ಬರೇ ಸವಣೂರಾಗ ರೊಟ್ಟಿ ಬಡಿಯಾಕಿ ಆಗಿ ಸಾಯಾಕ ಒಲ್ಲೆ."

ನೆಗೆಣ್ಣಿ ಅಳತೊಡಗಿದರು. ಅಕ್ಕ ಅಳಲಿಲ್ಲ. ಭಾವ ಚೀಲದ ಮೇಲೆ ಕುಳಿತುಕೊಂಡರು. ಆಮೇಲೆ ಹೆಂಡತಿಗೆ, "ಎಲ್ಲಾರಿಗೂ ಊಟಕ್ಕ ಬಡಸು" ಅಂದರು.

ಅಂದು ನಾವು ಎಣ್ಣೆಗಾಯಿ ಉಂಡು ಬಂದೆವು. ಭಾವ ಒಳಗೆ, ನಾವು ಅಡುಗೆಮನೆಯಲ್ಲಿ. ಬರುವಾಗ ಟಂಟಂನಲ್ಲಿ ಮದುಮಗಳು ಇಡೀ ಕಥೆಯನ್ನು ಆಗಲೇ ಬೇರೆಯವರಿಗೆ ಹೇಳುವ ಧಾಟಿಯಲ್ಲಿ ಹೇಳತೊಡಗಿದ್ದಳು. ನನಗೆ ಮಾತ್ರ ನಿರಾಳ ಅನ್ನಿಸಲಿಲ್ಲ. ಪಡಸಾಲೆಯಲ್ಲಿ ನಿಂತು ಆಡಿದ ಮಾತು ಕೋರ್ಟಿನಲ್ಲಿ ಉಳಿಯುತ್ತದೆಯೇ? ಅವರ ವಕೀಲರು ಮತ್ತೇನಾದರೂ ಹೇಳಿಕೊಟ್ಟರೆ? ಮುಂದಿನ ತಾರೀಖಿನವರೆಗೆ ನಾನು ಬಸ್ಸಿನಲ್ಲಿ ಕುಳಿತಲ್ಲೇ ಕಾಲು ಅಲ್ಲಾಡಿಸುತ್ತಿದ್ದೆ. ಪಕ್ಕದ ಸೀಟಿನ ಹೆಂಗಸೊಬ್ಬರು, "ಏನವಾ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದರು.

ಆ ತಾರೀಖಿಗೆ ಭಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾರಿಡಾರಿನಲ್ಲಿ ನಮ್ಮಿಂದ ಎರಡು ಕಂಬ ಆಚೆ ನಿಂತರು. ಅವರ ವಕೀಲರು ಎಂದಿನಂತೆ ಕಾಗದ ತೆಗೆಯಲು ಹೋದಾಗ ಭಾವ ಅವರ ತೋಳು ಹಿಡಿದು ಏನೋ ಹೇಳಿದರು. ವಕೀಲರ ಮುಖ ಬಿಗಿಯಿತು. ಇಬ್ಬರ ಒಪ್ಪಿಗೆಯ ಮೇಲೆ ಪಾಲು ಮಾಡಿಕೊಳ್ಳುತ್ತೇವೆಂದು ಭಾವ ತಾವೇ ಕೋರ್ಟಿನ ಮುಂದೆ ಹೇಳಿದಾಗ, ನ್ಯಾಯಾಧೀಶರು ಅಕ್ಕನನ್ನೇ ನೇರವಾಗಿ ಕೇಳಿದರು, "ಒಪ್ಪಿಗಿ ಐತೇನಮ್ಮಾ? ಯಾರರೆ ಒತ್ತಾಯ ಮಾಡ್ಯಾರೇನು?" ಅಕ್ಕ, "ನಾನ ಒತ್ತಾಯ ಮಾಡೇನ್ರಿ" ಅಂದಳು. ಕೋರ್ಟಿನಲ್ಲಿ ಇದ್ದವರೆಲ್ಲ ನಕ್ಕರು. ಭಾವನೂ.

ಆದರೂ ಅದು ಅಲ್ಲಿಗೆ ಮುಗಿಯಲಿಲ್ಲ. ಹೊಲ ಅಳೆಯುವ ಮೋಜಣಿಯವರು ಬರಲು ತಡವಾಯಿತು. ಬಂದ ಮೇಲೆ ಬಾವಿ ಯಾರ ಕಡೆ ಅನ್ನುವುದಕ್ಕೆ ಮತ್ತೆ ಮುಖ ಉಬ್ಬಿದವು. ಬಾವಿ ಭಾವನ ಕಡೆ ಹೋಯಿತು, ಸಮಾಧಿಗಳು ಅಕ್ಕನ ಕಡೆ ಬಂದವು. ನೀರನ್ನು ದಿನ ಬಿಟ್ಟು ದಿನ ಹಂಚಿಕೊಳ್ಳಬೇಕೆಂದಾಯಿತು. ಅಕ್ಕನಿಗೆ ಬಂದ ತುಂಡಿನಲ್ಲಿ ಒಂದು ಮೂಲೆ ಬರೀ ಕಲ್ಲು. ಅವಳು ಅದರ ಬಗ್ಗೆ ಇವತ್ತಿಗೂ ಗೊಣಗುತ್ತಾಳೆ.

ನನ್ನನ್ನು ಆ ಮುಂದಿನ ವರ್ಷ ಶಿಗ್ಗಾಂವದವರು ಕರೆಯಲಿಲ್ಲ. ಹಾನಗಲ್ಲಿನವರು ಕರೆದರು. ಹಿರೇಕೆರೂರಿನವರು ಶುಕ್ರವಾರದ ಜೊತೆಗೆ ಶನಿವಾರವನ್ನೂ ಕೊಟ್ಟರು. ಇಂಗ್ಲೆಂಡಿನ ಆಡಳಿತದ ಅಧ್ಯಾಯ ಹೊಸ ಪಠ್ಯಕ್ರಮದಲ್ಲಿ ಅರ್ಧಕ್ಕೆ ಇಳಿದಿದೆ. ನಾನು ಮಾತ್ರ ಆ ಹಾಸಿಗೆಯ ಸಂಗತಿಯನ್ನು ಪಠ್ಯದಲ್ಲಿ ಇಲ್ಲದಿದ್ದರೂ ಹೇಳುತ್ತೇನೆ. ಹುಡುಗರು ಕೇಳುತ್ತಾರೆ.

ಈ ಮುಂಜಾನೆ ನಾನು ಬಸ್ಸಿಗೆ ತಡವಾಯಿತೆಂದು ಚಪ್ಪಲಿ ಮೆಟ್ಟುವಾಗ, ಅಕ್ಕ ಹಿತ್ತಲಲ್ಲಿ ಒಂದು ಕೈಯಲ್ಲಿ ರೊಟ್ಟಿ ಹೊರಳಿಸುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಭಾವನ ಜೊತೆ ಜಗಳಾಡುತ್ತಿದ್ದಳು. ಬಾವಿಯ ಮೋಟರು ನಿನ್ನೆ ಅವಳ ಪಾಳಿಯಲ್ಲಿ ಬಂದ್ ಆಗಿತ್ತಂತೆ. "ನಿಮ್ಮ ಕರೆಂಟ್ ಕಥಿ ನನಗ ಹೇಳಬ್ಯಾಡ್ರಿ, ನಾನ ಬಂದು ಚಾಲೂ ಮಾಡ್ತೇನಿ" ಎನ್ನುತ್ತಿದ್ದಳು. ಆ ಕಡೆಯಿಂದಲೂ ಜೋರು ಧ್ವನಿ ಬರುತ್ತಿತ್ತು. ವಯಸ್ಸಾದಾಕೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ ಎಂದು ಅಕ್ಕನ ಸೆರಗು ಜಗ್ಗಿದರು. ನಾನು ಬಾಗಿಲು ಎಳೆದುಕೊಂಡು ಸ್ಟ್ಯಾಂಡಿನ ಕಡೆ ಓಡಿದೆ.